ದೋಣಿಗೊಂದು ಗಾಡಿ, ಗಾಡಿಗೊಂದು ಲೆಕ್ಕ

ಸಣ್ಣ ದೋಣಿ ಕೊಂಡವರಿಗೆ ನೀರಿಗಿಂತ ರಸ್ತೆಯದೇ ಚಿಂತೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಿಂದ ಜಲಾಶಯದವರೆಗೆ ಅದು ಕಾರಿನ ಹಿಂದೆ ಟ್ರೈಲರ್ ಮೇಲೆ ಹೋಗಬೇಕು. ಇಲ್ಲಿ ಪುಣೆಯಲ್ಲಿ ಗೆಳೆಯರೊಬ್ಬರ 14 ಅಡಿಯ ಫೈಬರ್ ದೋಣಿಗೆ ಟ್ರೈಲರ್ ಹೊಂದಿಸಲು ಎರಡು ಶನಿವಾರ ಹಿಡಿಯಿತು.

ಎತ್ತಿನ ಗಾಡಿ ನೋಡಿ ಬೆಳೆದವರಿಗೆ ಇದರ ಸೂತ್ರ ಗೊತ್ತೇ ಇದೆ. ಹೇರು ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಎತ್ತಾದರೆ ನಿಂತುಬಿಡುತ್ತದೆ, ಕಾರು ನಿಲ್ಲುವುದಿಲ್ಲ. ಹಿಂಭಾರದ ಟ್ರೈಲರ್ ಹೆದ್ದಾರಿಯಲ್ಲಿ ವೇಗ ಏರಿದಂತೆ ಅತ್ತಿತ್ತ ತೂಗತೊಡಗುತ್ತದೆ. ತೂಗಾಟ ಬಲಿತರೆ ಕಾರನ್ನೂ ಎಳೆದು ತಿರುಗಿಸುತ್ತದೆ. ದೋಣಿಯ ಎಂಜಿನ್ ಹಿಂತುದಿಯಲ್ಲೇ ಇರುವುದರಿಂದ ಈ ಅಪಾಯ ನಮಗೆ ಹೆಚ್ಚು.

ಒಟ್ಟು ತೂಕದ ಶೇ. 7ರಿಂದ 10ರಷ್ಟು ಮೂಕಿಯ ತುದಿಯಲ್ಲಿ ಬೀಳಬೇಕು. ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಟ್ರೈಲರನ್ನು ಸಮತಟ್ಟಾಗಿ ನಿಲ್ಲಿಸಿ, ಮೂಕಿಯ ತುದಿ ಕಾರಿನ ಕೊಕ್ಕೆಯ ಎತ್ತರದಲ್ಲೇ ಇರುವಂತೆ ಯಂತ್ರದ ಮೇಲೆ ಮರದ ತುಂಡಿಟ್ಟು ಕೂರಿಸಿ. ನಮ್ಮದು ಎಂಜಿನ್ ಸಮೇತ ದೋಣಿ 220 ಕಿಲೋ, ಟ್ರೈಲರ್ 180, ಒಟ್ಟು 400. ಯಂತ್ರ ತೋರಿಸಿದ್ದು 15 ಕಿಲೋ, ಬೇಕಾದದ್ದು ಕನಿಷ್ಠ 28. ಅಚ್ಚಿನಿಂದ ಕೊಕ್ಕೆಗೆ 3 ಮೀಟರ್. ಹಾಗಾಗಿ ದೋಣಿಯನ್ನು 10 ಸೆಂಟಿಮೀಟರ್ ಮುಂದೆ ಸರಿಸಿದರೆ ತುದಿಗೆ ಸುಮಾರು 7 ಕಿಲೋ ಸೇರುತ್ತದೆ. ವಿಂಚ್ ಕಂಬವನ್ನು 20 ಸೆಂಟಿಮೀಟರ್ ಮುಂದಕ್ಕೆ ಬೋಲ್ಟ್ ಮಾಡಿ ದೋಣಿಯನ್ನು ಎಳೆದುಕೊಂಡೆವು, 30ಕ್ಕೆ ಬಂತು. (ಕೋಡ್ ಇಷ್ಟು ಸುಲಭವಾಗಿ ಸರಿಹೋಗುವುದನ್ನು ನಾನು ಆಫೀಸಿನಲ್ಲಿ ಕಂಡಿಲ್ಲ.) ಕಾರಿನ ಕೈಪಿಡಿಯ ಮಿತಿಯನ್ನೂ ನೋಡಿಕೊಳ್ಳಿ.

ದೋಣಿಯ ತಳ ಕೂರುವ ಮರದ ಪಟ್ಟಿಗಳು ಹಿಂತುದಿಯವರೆಗೂ ಚಾಚಿರಬೇಕು. ಅರ್ಧಕ್ಕೇ ನಿಂತರೆ ಎಂಜಿನ್ ಭಾರಕ್ಕೆ ಫೈಬರ್ ತಳ ಬಾಗುತ್ತದೆ. ಮೂತಿಯ ವಿಂಚ್ ಹಗ್ಗವೊಂದನ್ನೇ ನಂಬಬೇಡಿ, ಹಿಂಭಾಗಕ್ಕೆ ಬೇರೆ ಪಟ್ಟಿ ಬಿಗಿಯಿರಿ. ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಹಾಯಿಸಿ ಕಟ್ಟಿ. ಕೊಕ್ಕೆ ಕಳಚಿದರೂ ಮೂಕಿ ನೆಲಕ್ಕೆ ಬಡಿಯದೆ ಅವುಗಳ ಮೇಲೆ ಕೂರುತ್ತದೆ.

ಕಾಗದಪತ್ರ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರೂ ಮೋಟಾರು ವಾಹನವೇ, ನೋಂದಣಿ ಬೇಕು.

ಜಲಾಶಯ ತಲುಪಿದ ಕೂಡಲೇ ಟ್ರೈಲರನ್ನು ನೀರಿಗಿಳಿಸಬೇಡಿ. ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಅರ್ಧ ಗಂಟೆ ಚಹಾ ಕುಡಿಯಿರಿ. ಬರುವ ದಾರಿಯಲ್ಲೂ ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಹಬ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಚ್ಚಿಸದೆ ಮುಂದೆ ಹೋಗಬೇಡಿ.