ಮೀನಿನ ಒಡಲಲ್ಲೊಂದು ಮೀನು

ಅಮೆರಿಕದ ಕ್ಯಾನ್ಸಸ್ ಪ್ರಾಂತವು ಇಂದು ಗೋಧಿ ಬೆಳೆಯುವ ಬಯಲುನಾಡು. ಕಡಲಿಗೂ ಅದಕ್ಕೂ ನೂರಾರು ಮೈಲಿಗಳ ದೂರ. ಆದರೆ ಸುಮಾರು 8.5 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವೇ ಹರಡಿಕೊಂಡಿದ್ದಿತು. ಆ ನೀರಿನಲ್ಲಿ ಬೇಟೆಯಾಡುತ್ತಿದ್ದ ಹೆಮ್ಮೀನುಗಳಲ್ಲಿ ಕ್ಸಿಫ್ಯಾಕ್ಟಿನಸ್ ಒಂದು. 1870ರಲ್ಲಿ ಜೋಸೆಫ್ ಲೀಡಿ ಎಂಬ ವಿಜ್ಞಾನಿ ಅದಕ್ಕೆ ಈ ಹೆಸರಿಟ್ಟಾಗ ಅವರಿಗೆ ದೊರೆತಿದ್ದುದು ಈಜುರೆಕ್ಕೆಯ ಒಂದು ಮುರುಕು ಮುಳ್ಳು ಮಾತ್ರ!

ಮೇಲ್ಮುಖವಾದ ದವಡೆ, ಅದರ ತುಂಬ ಕೋರೆಹಲ್ಲು. ಆದರೂ ಅಗಿದು ತಿನ್ನುವ ಪದ್ಧತಿ ಈ ಮೀನಿಗಿರಲಿಲ್ಲ. ಸಿಕ್ಕಿದ್ದನ್ನು ಇಡಿಯಾಗಿ ನುಂಗುವುದೇ ಅದರ ಊಟದ ಕ್ರಮ. ಆ ಕ್ರಮವೇ ಒಮ್ಮೆ ಅದಕ್ಕೆ ಮುಳುವಾಯಿತೆಂದು ತೋರುತ್ತದೆ.

1952ರಲ್ಲಿ ಗೋವ್ ಕೌಂಟಿಯ ಸುಣ್ಣದ ಬಂಡೆಯಿಂದ ಜಾರ್ಜ್ ಸ್ಟರ್ನ್‌ಬರ್ಗ್ ಅವರು ಸುಮಾರು 14 ಅಡಿ ಉದ್ದದ ಕ್ಸಿಫ್ಯಾಕ್ಟಿನಸ್ ಅಸ್ಥಿಪಂಜರವನ್ನು ಹೊರತೆಗೆದರು. ಅದರ ಪಕ್ಕೆಲುಬುಗಳ ನಡುವೆ ಮತ್ತೊಂದು ಮೀನು! ಗಿಲ್ಲಿಕಸ್ ಎಂಬ ಜಾತಿಯ ಅದರ ಉದ್ದವೂ ಸುಮಾರು 6 ಅಡಿ. ಅದರ ಮೂಳೆಗಳೊಂದೂ ಕದಲದೆ, ಕರಗದೆ ಉಳಿದಿವೆ. ನುಂಗಿದ ತುತ್ತು ಜೀರ್ಣವಾಗುವ ಮೊದಲೇ ನುಂಗಿದವನ ಪ್ರಾಣ ಹೋಗಿದೆಯೆಂದಲ್ಲದೆ ಇದಕ್ಕೆ ಬೇರೆ ಅರ್ಥವೇನು? ಒಳಗೆ ಸಿಕ್ಕ ಮೀನು ಒದ್ದಾಡಿ ಅದರ ಒಡಲನ್ನು ಘಾಸಿಗೊಳಿಸಿರಬೇಕೆಂಬುದು ತಜ್ಞರ ಊಹೆ. ಎರಡೂ ಒಟ್ಟಾಗಿ ತಳ ಸೇರಿದವು. ಶಾರ್ಕುಗಳು ಬಂದು ಕಿತ್ತು ಚದುರಿಸಲಿಲ್ಲವೆಂಬುದು ನಮ್ಮ ಭಾಗ್ಯ. ಕೆಸರು ಮೆಲ್ಲನೆ ಅವುಗಳನ್ನು ಮುಚ್ಚಿತು.

ಈ ಜೋಡಿ ಈಗ ಹೇಸ್ ನಗರದ ಸ್ಟರ್ನ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿದೆ. ಇಂಥ ಮರಣ ಇದೊಂದಕ್ಕೇ ಒದಗಿದ್ದಲ್ಲ. ನುಂಗಿದ ಬೇಟೆಯನ್ನು ಒಡಲಲ್ಲಿಟ್ಟುಕೊಂಡೇ ಕಲ್ಲಾದ ಬೇರೆ ಕ್ಸಿಫ್ಯಾಕ್ಟಿನಸ್‌ಗಳೂ ದೊರೆತಿವೆ.