ಪೆಡಲ್ ತುಳಿದರೆ ಕಟಕಟ: ಮದ್ದು ಮನೆಯಲ್ಲೇ

ಶಾಲೆಗೆ ಹೊರಟ ಸೈಕಲ್ಲು ಪ್ರತಿ ತುಳಿತಕ್ಕೂ ‘ಕಟ್... ಕಟ್...’ ಎನ್ನತೊಡಗಿದರೆ ಮನೆಯವರು ಮೊದಲು ಹುಡುಕುವುದು ಎಣ್ಣೆ ಡಬ್ಬಿಯನ್ನು. ಚೈನಿಗೆ ನಾಲ್ಕು ಹನಿ ಬಿಟ್ಟರೆ ಎಲ್ಲ ಸರಿಹೋಯಿತೆಂಬ ನಂಬಿಕೆ. ಮರುದಿನ ಸದ್ದು ಮತ್ತೆ ಹಾಜರು! ಏಕೆಂದರೆ ಅದು ಬರುತ್ತಿರುವುದು ಆ ಎಣ್ಣೆ ತಲುಪದ ಜಾಗದಿಂದ. ಎರಡು ಪೆಡಲ್‌ಗಳ ನಡುವೆ, ಚೌಕಟ್ಟಿನ ತಳದಲ್ಲಿ ಒಂದು ಗಿಡ್ಡ ಅಡ್ಡ ಕೊಳವೆಯಿದೆ. ಅದರೊಳಗಿನ ವ್ಯವಸ್ಥೆಗೆ ಬಾಟಮ್ ಬ್ರಾಕೆಟ್ ಎಂದು ಹೆಸರು. ಸೈಕಲ್ ಶಾಪಿನವರ ಬಾಯಲ್ಲಿ ಚುಟುಕಾಗಿ ‘ಬಿ.ಬಿ.’

ಅದರ ದುಡಿಮೆ ಎಷ್ಟೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿವೆ ಎನ್ನೋಣ. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.4 ಮೀಟರ್ ಸಾಗುತ್ತದೆ. ಶಾಲೆ 5 ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲು ಬಿ.ಬಿ. ಆಕ್ಸಲ್ ಸುಮಾರು 1,800 ಸುತ್ತು ತಿರುಗಬೇಕು.

ಕರ್ನಾಟಕದಲ್ಲಿ 2006–07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಿಂದ ಎಂಟನೆಯ ತರಗತಿಯ ಲಕ್ಷಾಂತರ ಮಕ್ಕಳ ಕೈಗೆ ಸೈಕಲ್ ಬಂದಿತ್ತು. ಸೈಕಲ್ ಕೊಡಬಹುದು, ಅದನ್ನು ಓಡುವ ಸ್ಥಿತಿಯಲ್ಲಿಡುವ ಹೊಣೆ ಮನೆಯದೇ. ಬಸ್ಸಿಲ್ಲದ ಊರಿನಲ್ಲಿ ಸೈಕಲ್ ಕೈಕೊಟ್ಟ ದಿನ ಪಾಠವೂ ತಪ್ಪುತ್ತದೆ.

ಒಳಗೇನಿದೆ?

ಸಾಮಾನ್ಯ ಸೈಕಲ್ಲಿನಲ್ಲಿ ಉಕ್ಕಿನ ಒಂದು ಆಕ್ಸಲ್, ಎಡಬಲಕ್ಕೆ ಎರಡು ಬಟ್ಟಲು (ಕಪ್), ಒಂದೊಂದು ಬಟ್ಟಲಿನಲ್ಲೂ ಸಾಮಾನ್ಯವಾಗಿ ಕಾಲು ಇಂಚಿನ 11 ಗುಂಡುಗಳಿರುತ್ತವೆ. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಬಹಳ ಕಡಿಮೆ ಎಂದು ಪಠ್ಯಪುಸ್ತಕದಲ್ಲಿ ಓದುವ ನಿಯಮದ ಜೀವಂತ ನಿದರ್ಶನವಿದು. 1869ರಲ್ಲಿ ಪ್ಯಾರಿಸ್ಸಿನ ಜೂಲ್ ಸೂರಿರೇ ಸೈಕಲ್ಲಿನ ಗುಂಡು ಬೇರಿಂಗಿಗೆ ಪೇಟೆಂಟ್ ಪಡೆದ. ಗುಂಡುಗಳ ನಡುವೆ ಗ್ರೀಸ್ ಇರುವವರೆಗೆ ಎಲ್ಲ ಸುಸೂತ್ರ. ಮಳೆನೀರು ಹೊಕ್ಕು, ಧೂಳು ಬೆರೆತರೆ ಅದೇ ಗ್ರೀಸ್ ಉಜ್ಜುಕಾಗದದಂತೆ ಉಕ್ಕನ್ನು ಸವೆಸುತ್ತದೆ.

ಸದ್ದಿನ ಮೂಲ ಪತ್ತೆ

ಬಿಚ್ಚುವ ಮೊದಲು ಪರೀಕ್ಷೆ ಅಗತ್ಯ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೂ ಸದ್ದು ಮುಂದುವರಿದರೆ ತಪ್ಪು ಬಿ.ಬಿ.ಯದಲ್ಲ, ಚಕ್ರದ ಕಡೆಯದು. ತುಳಿದಾಗ ಮಾತ್ರ ಬಂದರೆ ಎರಡೂ ಕ್ರ್ಯಾಂಕ್‌ಗಳನ್ನು ಹಿಡಿದು ಅಡ್ಡಡ್ಡ ಅಲುಗಿಸಬೇಕು. ಎರಡೂ ಒಟ್ಟಿಗೆ ಅಲುಗಿದರೆ ಬಟ್ಟಲು ಸಡಿಲವಾಗಿದೆ. ಒಂದು ಮಾತ್ರ ಅಲುಗಿದರೆ ಆ ಕ್ರ್ಯಾಂಕಿನ ಕಾಟರ್ ಪಿನ್ ಸಡಿಲ, ಬಿ.ಬಿ. ಬಿಚ್ಚುವ ಶ್ರಮವೇ ಬೇಡ. ಚೈನು ಇಳಿಸಿ ಕ್ರ್ಯಾಂಕ್ ತಿರುಗಿಸಿದಾಗ ‘ಕರಕರ’ ಎಂದರೆ ಗುಂಡುಗಳು ಒಣಗಿವೆ ಅಥವಾ ಸವೆದಿವೆ.

ಬಿಚ್ಚುವ ಕ್ರಮ

ಸ್ಪ್ಯಾನರ್, ಸುತ್ತಿಗೆ, ಗ್ರೀಸ್, ಹಳೆಯ ಬಟ್ಟೆ, ಒಂದು ತಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಇದ್ದರೆ ಸಾಕು. ಒಲೆ, ದೀಪಗಳಿಂದ ದೂರ ಕೂರಬೇಕು. ಸುತ್ತಿಗೆ ಹಿರಿಯರ ಕೈಯಲ್ಲಿರಲಿ.

ಕಾಟರ್ ಪಿನ್ನಿನ ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮವಾಗುವಷ್ಟು ಸಡಿಲಿಸಬೇಕು. ಆಗ ಏಟು ಬಿದ್ದರೂ ಪಿನ್ನಿನ ಥ್ರೆಡ್ ಹಾಳಾಗುವುದಿಲ್ಲ. ಕ್ರ್ಯಾಂಕಿನ ಕೆಳಗೆ ಮರದ ದಿಮ್ಮಿಯ ಆಸರೆ ಕೊಟ್ಟು ಒಂದೇ ಗಟ್ಟಿ ಏಟು ಹಾಕಬೇಕು. ಆಸರೆಯಿಲ್ಲದಿದ್ದರೆ ಏಟಿನ ಭಾರವೆಲ್ಲ ಗುಂಡು, ಬಟ್ಟಲುಗಳ ಮೇಲೆ ಬಿದ್ದು ಅಲ್ಲಿ ಗುಳಿ ಮೂಡುತ್ತದೆ. ಪಿನ್ ಸಡಿಲವಾದ ಮೇಲೆ ನಟ್ಟು ತೆಗೆದು ಎರಡೂ ಕ್ರ್ಯಾಂಕ್‌ಗಳನ್ನು ಕಳಚಬೇಕು.

ಅನಂತರ ಎಡಗಡೆಯ ಲಾಕ್ ರಿಂಗ್, ಎಡ ಬಟ್ಟಲನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ತೆಗೆಯಬೇಕು. ಗುಂಡುಗಳು ಉದುರುವುದರಿಂದ ಕೆಳಗೆ ತಟ್ಟೆ ಇರಲಿ; ಎಷ್ಟಿವೆಯೆಂದು ಎಣಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬಲ ಬಟ್ಟಲನ್ನು ಮುಟ್ಟದಿರುವುದೇ ಲೇಸು. ಅದನ್ನು ಇದ್ದಲ್ಲೇ ಒರೆಸಬಹುದು. ತುಳಿಯುವಾಗ ತಾನಾಗಿ ಸಡಿಲಗೊಳ್ಳದಿರಲೆಂದು ಹೆಚ್ಚಿನ ಸೈಕಲ್‌ಗಳಲ್ಲಿ ಅದರ ಥ್ರೆಡ್ ಉಲ್ಟಾ ಇರುತ್ತದೆ. ತಿಳಿಯದೆ ಎಂದಿನಂತೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆ!

ಎಲ್ಲವನ್ನೂ ತೊಳೆದು ಒರೆಸಿ ಬೆಳಕಿನಲ್ಲಿ ಪರೀಕ್ಷಿಸಬೇಕು. ಗುಂಡಿನ ಹೊಳಪು ಮಾಸಿ ಚುಕ್ಕೆಗಳೆದ್ದಿದ್ದರೆ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕು. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ, ಸವೆಯದ ದಪ್ಪ ಗುಂಡುಗಳೇ ಭಾರವನ್ನೆಲ್ಲ ಹೊರುತ್ತವೆ. ಆಕ್ಸಲ್ ಅಥವಾ ಬಟ್ಟಲಿನಲ್ಲಿ ಗುಳಿ ಬಿದ್ದಿದ್ದರೆ ಎಷ್ಟು ಗ್ರೀಸ್ ಹಾಕಿದರೂ ಪ್ರಯೋಜನವಿಲ್ಲ. ಆ ಬಿಡಿಭಾಗ ಹೊಸದಾಗಲೇಬೇಕು.

ಬಿಗಿಯೂ ಬೇಡ, ಸಡಿಲವೂ ಬೇಡ

ಬಟ್ಟಲುಗಳಿಗೆ ಧಾರಾಳವಾಗಿ ಗ್ರೀಸ್ ಮೆತ್ತಿ ಗುಂಡುಗಳನ್ನು ಕೂರಿಸಿದರೆ ಅವು ಅಂಟಿಕೊಂಡು ನಿಲ್ಲುತ್ತವೆ. ಆಕ್ಸಲಿನ ಉದ್ದನೆಯ ತುದಿ ಚೈನಿನ ಕಡೆಗೆ ಬರಬೇಕು. ಎಡ ಬಟ್ಟಲನ್ನು ಅಲುಗಾಟ ನಿಲ್ಲುವವರೆಗೆ ಮಾತ್ರ ಬಿಗಿದು, ಅದು ತಿರುಗದಂತೆ ಹಿಡಿದು ಲಾಕ್ ರಿಂಗ್ ಹಾಕಬೇಕು. ಬೆರಳಿನಿಂದ ತಿರುಗಿಸಿದರೆ ಆಕ್ಸಲ್ ತಡೆಯಿಲ್ಲದೆ ತಿರುಗಬೇಕು, ಅಲುಗಿಸಿದರೆ ಅಲುಗಬಾರದು. ಇಡೀ ಕೆಲಸದ ಜೀವಾಳ ಇದೇ. ಸದ್ದು ಬಂತೆಂದು ಬಲ ಹಾಕಿ ಬಿಗಿದರೆ ಕಟಕಟ ಎರಡು ದಿನ ಅಡಗೀತು. ಅಷ್ಟರಲ್ಲಿ ಗುಂಡುಗಳು ಆಕ್ಸಲನ್ನೇ ಕೊರೆಯತೊಡಗಿರುತ್ತವೆ. ಹತ್ತಿಪ್ಪತ್ತು ನಿಮಿಷದ ತಾಳ್ಮೆ ಬಿಡಿಭಾಗದ ಖರ್ಚನ್ನು ಉಳಿಸುತ್ತದೆ.

ಎರಡು ಕಾಟರ್ ಪಿನ್‌ಗಳನ್ನೂ ವಿರುದ್ಧ ದಿಕ್ಕಿನಿಂದ ತೂರಿಸಬೇಕು. ಒಂದರ ನಟ್ಟು ಮೇಲಿದ್ದರೆ ಇನ್ನೊಂದರದು ಕೆಳಗೆ. ಇಲ್ಲದಿದ್ದರೆ ಎರಡು ಕ್ರ್ಯಾಂಕ್‌ಗಳು ಒಂದೇ ನೇರಕ್ಕೆ ಬರುವುದಿಲ್ಲ. ಪಿನ್ನನ್ನು ಆಸರೆ ಕೊಟ್ಟು ಸುತ್ತಿಗೆಯಿಂದಲೇ ಕೂರಿಸಿ ಬಳಿಕ ನಟ್ಟು ಬಿಗಿಯಬೇಕು. ನಾಲ್ಕೈದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡುವುದು ಕಡ್ಡಾಯ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಕ್ರ್ಯಾಂಕ್ ಜಾರಿದರೆ ಬೀಳುವುದು ಮಗು.

ಈಗಿನ ಕೆಲವು ಗೇರ್ ಸೈಕಲ್‌ಗಳಲ್ಲಿ ಬಿ.ಬಿ. ಮುಚ್ಚಿದ ಡಬ್ಬಿಯಂತಿರುತ್ತದೆ. ಅದನ್ನು ಬಿಚ್ಚಿ ಗ್ರೀಸ್ ಹಾಕುವಂತಿಲ್ಲ. ವಿಶೇಷ ಉಪಕರಣವಿರುವ ಅಂಗಡಿಯಲ್ಲಿ ಪೂರ್ತಿ ಬದಲಿಸಬೇಕು. ಉಳಿದ ಸೈಕಲ್‌ಗಳಿಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ ಒಂದು ಭಾನುವಾರ ಈ ಉಪಚಾರ ಸಾಕು. ತಂದೆತಾಯಿ ಕೈಜೋಡಿಸಿದರೆ ಮಕ್ಕಳಿಗೆ ಘರ್ಷಣೆಯ ಪಾಠ ಕೈಗೆ ಗ್ರೀಸ್ ಮೆತ್ತಿಕೊಂಡೇ ಅರ್ಥವಾದೀತು. ಸೋಮವಾರ ಬೆಳಿಗ್ಗೆ ಸೈಕಲ್ಲು ಸದ್ದಿಲ್ಲದೆ ಶಾಲೆಯ ದಾರಿ ಹಿಡಿದೀತು.