ವೀರಗಲ್ಲನ್ನು ಓದುವ ಬಗೆ

ಕಾಳಗದಲ್ಲಿ ಮಡಿದವರ ಹೆಸರು ಅಳಿಯದಿರಲೆಂದು ಕಲ್ಲು ನಿಲ್ಲಿಸುವುದು ಹಲವು ದೇಶಗಳ ಪದ್ಧತಿ. ಒಂದನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಎಷ್ಟೋ ಹಳ್ಳಿಗಳ ಇಗರ್ಜಿಯ ಅಂಗಳದಲ್ಲಿ ಕಲ್ಲಿನ ಶಿಲುಬೆಗಳು ಎದ್ದವು. ಊರು ಬಿಟ್ಟು ಹೋಗಿ ಮರಳಿ ಬಾರದವರ ಹೆಸರುಗಳನ್ನು ಅವುಗಳ ಪೀಠದ ಮೇಲೆ ಕೊರೆದರು. 1931ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಮಿಕ್ಕಿ ಹೆಸರುಗಳಿವೆ. ಕನ್ನಡ ನಾಡಿನಲ್ಲಿ ಇದೇ ಕೆಲಸವನ್ನು ಸಾವಿರ ವರ್ಷಗಳಿಗೂ ಹಿಂದೆ ಮಾಡಿದ್ದು ವೀರಗಲ್ಲು. ಅದನ್ನು ಓದುವ ಬಗೆಯನ್ನು ಸಹಪಾಠಿಗಳ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ, ರಾಯಚೂರು, ಮಾನ್ವಿಗಳಿರುವ ಈ ನಡುನೆಲವನ್ನು ಶಾಸನಗಳು 'ಎಡೆದೊರೆ ನಾಡು' ಎಂದು ಕರೆದಿವೆ. ಇದಕ್ಕಾಗಿ ಕಾದಾಡಿದ ಅರಸರು ಹಲವರು. 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ರಾಯಚೂರಿಗಾಗಿ ಹೋರಾಡಿದುದು ನಮಗೆಲ್ಲ ತಿಳಿದ ಸಂಗತಿ. ಆದರೆ ಅರಸರ ಹೆಸರು ಗ್ರಂಥಗಳಲ್ಲಿ ಉಳಿಯುತ್ತದೆ. ಊರಿನ ದನ ಕಾಯಲು ಹೋಗಿ ಸತ್ತವನಿಗೆ ಕಲ್ಲೇ ಗ್ರಂಥ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ವೀರನು ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ನಿಂತಿರುತ್ತಾನೆ. ಅವನ ಹಿಂದೆ ದನಗಳ ಸಾಲಿದ್ದರೆ ಅದು ತುರುಗೋಳಿನ ಹೋರಾಟ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯಲ್ಲಿರುವ ಸೂರ್ಯಚಂದ್ರರು, ಅವರಿರುವವರೆಗೆ ಈ ಕೀರ್ತಿಯೂ ಇರಲಿ ಎಂಬುದರ ಗುರುತು.

ಅಂಕಣಗಳ ನಡುವಣ ಪಟ್ಟಿಕೆಗಳಲ್ಲಿ ಬರವಣಿಗೆ. ಶಕವರ್ಷ, ಆಳುವ ಅರಸ, ವೀರನ ಹೆಸರು, ಮಡಿದ ಕಾರಣ ಇವು ಅದರ ಮುಖ್ಯ ಅಂಗಗಳು. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಎಂದರೆ ದನಗಳ್ಳತನ, ಊರಿನ ನಾಶ, ಹೆಂಗಸರ ಮೊರೆ. ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ 'ನೆತ್ತರುಕೊಡಗೆ' ಎಂದು ಹೆಸರು. ಪರಾಕ್ರಮಕ್ಕೆ ಕೊಟ್ಟ 'ಬಾಳ್ಗಳ್ಚು' ಎಂಬ ದತ್ತಿಯ ಮಾತು ಸುಮಾರು 450ರ ಹಲ್ಮಿಡಿ ಶಾಸನದಲ್ಲಿಯೇ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಂತೂ, ಸುಮಾರು 950ರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಸ್ಮರಿಸಿದೆ.

ಬರಹವಿಲ್ಲದ ವೀರಗಲ್ಲುಗಳೂ ಬಹಳ. ಅಲ್ಲಿ ಚಿತ್ರವೇ ಮಾತು. ಚಿತ್ರವೂ ಬರಹವೂ ಒಂದಕ್ಕೊಂದು ನೆರವಾಗುವುದನ್ನು ನೋಡಬಯಸುವವರು ದೂರ ಹೋಗಬೇಕಿಲ್ಲ. ನಮ್ಮ ರಾಯಚೂರು ಕೋಟೆಯಲ್ಲಿ 1294ರ ಕಾಕತೀಯರ ಕಾಲದ ಹಿರಿಯ ಶಾಸನಶಿಲೆಯಿದೆ. ಅದನ್ನು ಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಸಿ ತಂದ ಬಗೆಯನ್ನು ಅಲ್ಲಿಯೇ ಗೋಡೆಯಲ್ಲಿ ಕೊರೆದಿದ್ದಾರೆ.

ಹಳ್ಳಿಗಳಿಂದ ಬರುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ರಜೆಗೆ ಊರಿಗೆ ಹೋದಾಗ ಅಗಸಿಯ ಬಳಿ, ಹನುಮಪ್ಪನ ಗುಡಿಯ ಸುತ್ತ ಇಂಥ ಕಲ್ಲುಗಳಿವೆಯೇ ನೋಡಿರಿ. ಅಕ್ಷರ ಕಂಡರೆ ಮೊಳೆಯಿಂದ ಕೆರೆಯಬೇಡಿರಿ; ಸುಣ್ಣ, ಬಣ್ಣ ಬಳಿಯಗೊಡಬೇಡಿರಿ. ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಕೂರಿಸಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ವಿಧಾನವನ್ನು ಬಲ್ಲವರಿಗೆ ತಿಳಿಸಿರಿ. ಒಂದು ಸಾಲು ಸವೆದರೆ ಒಬ್ಬ ಮನುಷ್ಯನ ಹೆಸರು ಹೋಯಿತು. ಅದನ್ನು ಮತ್ತೆ ಎಲ್ಲಿಯೂ ಹುಡುಕಿ ತರಲಾಗದು.